ಹಲ್ಲಿನಿಂದ ಇಂಜಿನ್ ಕೇಳುತ್ತಿದ್ದವರು

ಹದಿನೈದು ವರ್ಷಗಳಿಂದ ನೀರಾವರಿ ಇಲಾಖೆಯ ಅನ್ನ ತಿನ್ನುತ್ತಿದ್ದೇನೆ, ಇವತ್ತಿಗೂ ನನಗೆ ಈಜು ಬರುವುದಿಲ್ಲ. ಹಿಂದೂಪುರದಲ್ಲಿ ಹುಟ್ಟಿದವನಿಗೆ ಈಜುವುದಕ್ಕೆ ನೀರೆಲ್ಲಿದೆ ಎಂದು ಕೇಳಿದವರಿಗೆಲ್ಲ ಸಮಜಾಯಿಷಿ ಕೊಡುತ್ತೇನೆ. ನಿಜ ಹೇಳಬೇಕೆಂದರೆ ನಮ್ಮ ಬೀದಿಯ ಅರ್ಧ ಜನ ಪರಿಗಿ ಕೆರೆಯಲ್ಲಿ ಈಜು ಕಲಿತವರೇ. ನಾನು ದಡದಲ್ಲಿ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ಇಂಥ ನನ್ನ ಕೈಗೆ, ಕೆಲಸಕ್ಕೆ ಸೇರಿದ ಮೊದಲ ವರ್ಷವೇ, ಒಂದು ದೋಣಿಯ ಹಣೆಬರಹ ಬರೆಯುವ ಅಧಿಕಾರ ಬಂತು. ಬರೆದೆ. ಅದರ ಕತೆ ಹೇಳಬೇಕಾದರೆ ಮೊದಲು ಮೇಸ್ತ್ರಿಯ ವಿಷಯ ಹೇಳಬೇಕು.

ಹೋದ ತಿಂಗಳು ಹಿಂದೂಪುರದಿಂದ ಅನಂತಪುರದ ನನ್ನ ಮನೆಗೆ ಒಂದು ಕಾರ್ಡು ಬಂತು. ಉತ್ತರಕ್ರಿಯೆಯ ಕಾರ್ಡು. ತೀರಿಕೊಂಡವರ ಹೆಸರು ಎರಡು ಸಲ ಓದಿದರೂ ಯಾರೆಂದು ಹೊಳೆಯಲಿಲ್ಲ. ಕೆಳಗಿದ್ದ ವಿಳಾಸ ನೋಡಿದ ಮೇಲೆ ಗೊತ್ತಾಯಿತು. ನಮ್ಮ ಮನೆಯಿಂದ ನಾಲ್ಕನೇ ಮನೆ. ನಮ್ಮ ಮೇಸ್ತ್ರಿ! ಹುಟ್ಟಿದಾಗಿನಿಂದ ಕಂಡ ಮನುಷ್ಯನಿಗೆ ಒಂದು ಹೆಸರೂ ಇತ್ತೆಂದು ನನಗೆ ತಿಳಿದದ್ದು ಅವರು ಸತ್ತ ಮೇಲೆ. ಈ ವಯಸ್ಸಿನಲ್ಲಿ ಹೊಸ ಹೆಸರು ಹಿಡಿದು ಕರೆಯಲು ನಾಲಿಗೆ ಒಪ್ಪುತ್ತಿಲ್ಲ. ಇಲ್ಲಿಯೂ ಮೇಸ್ತ್ರಿ ಎಂದೇ ಬರೆಯುತ್ತೇನೆ.

ಪರಿಗಿ ರಸ್ತೆ ಊರು ಬಿಡುವ ಕಡೆ ಅವರ ತಗಡಿನ ಶೆಡ್ಡು ಇತ್ತು. ಸುತ್ತಮುತ್ತಲ ಹಳ್ಳಿಗಳ ಡೀಸೆಲ್ ಪಂಪ್‌ಸೆಟ್ಟುಗಳು ಅಲ್ಲಿ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತಿದ್ದವು. ಮೇಸ್ತ್ರಿ ಸಣ್ಣ ಆಳು. ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್ನು, ಹಣೆಗೆ ಮೂರು ಬೆರಳಿನ ವಿಭೂತಿ. ಮಧ್ಯಾಹ್ನದ ಹೊತ್ತಿಗೆ ವಿಭೂತಿ ಅಳಿಸಿಹೋಗಿ ಆ ಜಾಗದಲ್ಲಿ ಮೂರು ಬೆರಳಿನ ಗ್ರೀಸು ಕೂತಿರುತ್ತಿತ್ತು. ರೈತರು ಇಂಜಿನ್ನನ್ನು ಗಾಡಿಯಿಂದ ಇಳಿಸಿ, "ನಾವೇನೂ ಮಾಡ್ಲಿಲ್ಲ ಮೇಸ್ತ್ರಿ, ತಾನಾಗೇ ನಿಂತೋಯ್ತು" ಎಂದು ಶುರು ಮಾಡುತ್ತಿದ್ದರು. ಮೇಸ್ತ್ರಿ ಅವರನ್ನು ಬಿಟ್ಟು ಇಂಜಿನ್ನಿನ ಮೈ ಸವರುತ್ತಾ, "ಇದು ಸುಳ್ಳು ಹೇಳಲ್ಲ ಕಣಪ್ಪ, ಇದನ್ನೇ ಕೇಳ್ತೀನಿ ಬಿಡು" ಎನ್ನುತ್ತಿದ್ದರು.

ಅವರದೂ ನಮ್ಮಂತೆ ನೇಯ್ಗೆಯವರ ಮನೆತನ. ಹರೆಯದಲ್ಲಿ ಪವರ್‌ಲೂಮ್ ಶೆಡ್ಡಿಗೆ ಸೇರಿದವರು, ಸೀರೆ ನೇಯುವುದಕ್ಕಿಂತ ಮಗ್ಗ ಬಿಚ್ಚುವುದೇ ರುಚಿಸಿ ಈ ಕಡೆಗೆ ಹೊರಳಿದ್ದರು. ಆದರೆ ನೂಲಿನ ಋಣ ಬಿಟ್ಟಿರಲಿಲ್ಲ. ಇಂಜಿನ್ನಿನ ಎರಡು ಭಾಗ ಸೇರುವ ಕಡೆ ಎಣ್ಣೆ ಸೋರದಿರಲೆಂದು ಬೇರೆ ಮೆಕ್ಯಾನಿಕ್‌ಗಳು ಕಾಗದದ ಪ್ಯಾಕಿಂಗ್ ಕತ್ತರಿಸಿ ಹಾಕುತ್ತಾರೆ. ಮೇಸ್ತ್ರಿ ಒಂದೆಳೆ ರೇಷ್ಮೆ ನೂಲನ್ನು ವಾರ್ನಿಷ್‌ನಲ್ಲಿ ಅದ್ದಿ, ಬೋಲ್ಟಿನ ತೂತುಗಳ ಒಳಮಗ್ಗುಲಿಂದ ಸುತ್ತು ಬರಿಸಿ, ಮೇಲಿನ ಭಾಗ ಕೂರಿಸಿ ಬಿಗಿಯುತ್ತಿದ್ದರು. ಒಂದು ಹನಿ ಎಣ್ಣೆ ಆಚೆ ಬರುತ್ತಿರಲಿಲ್ಲ. ಬೇರಿಂಗ್ ಎಲ್ಲಿ ಉಜ್ಜುತ್ತಿದೆಯೆಂದು ನೋಡಲು ಹೆಂಡತಿಯ ಡಬ್ಬಿಯ ಕಾಡಿಗೆ ಹಚ್ಚುತ್ತಿದ್ದರು. "ನನ್ನ ಕಣ್ಣಿಗೆ ಹಚ್ಚಿದ್ದಕ್ಕಿಂತ ಇಂಜಿನ್ನಿಗೆ ಹಚ್ಚಿದ್ದೇ ಜಾಸ್ತಿ ಕಣಮ್ಮ" ಎಂದು ಆಕೆ ನಮ್ಮಮ್ಮನ ಹತ್ತಿರ ದೂರುತ್ತಿದ್ದರು.

ಎಲ್ಲಕ್ಕಿಂತ ವಿಚಿತ್ರವೆಂದರೆ ಅವರು ಇಂಜಿನ್ ಪರೀಕ್ಷೆ ಮಾಡುವ ರೀತಿ. ಓಡುವ ಇಂಜಿನ್ನಿನ ಮೈಗೆ ಮೊಳದುದ್ದದ ಸ್ಕ್ರೂಡ್ರೈವರಿನ ತುದಿ ಇಟ್ಟು, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಹಿಡಿಯ ಮೇಲೆ ಹಲ್ಲಿನ ಗುರುತುಗಳು ಸಾಲಾಗಿ ಬಿದ್ದಿದ್ದವು. ಒಂದೆರಡು ನಿಮಿಷ ಹಾಗೆ ನಿಂತು, ಹಿಡಿ ಬಿಟ್ಟು, ಬೆರಳಲ್ಲಿ ಒಂದು ಜಾಗ ತೋರಿಸುತ್ತಿದ್ದರು. ಬಿಚ್ಚಿದರೆ ರೋಗ ಅಲ್ಲೇ ಇರುತ್ತಿತ್ತು. ಹಳ್ಳಿಯವರು ಅದೊಂದು ಮಂತ್ರವಿದ್ಯೆಯೆಂದು ನಂಬಿದ್ದರು. ನಮ್ಮ ಬೀದಿಗೆ ಮಾತ್ರ ನಿಜ ಗೊತ್ತಿತ್ತು. ಮೇಸ್ತ್ರಿಗೆ ಕಿವಿ ಕೇಳುತ್ತಿರಲಿಲ್ಲ. ಮಗ್ಗದ ಶೆಡ್ಡಿನ ಗದ್ದಲ ಅವರ ಎರಡೂ ಕಿವಿಗಳನ್ನು ಮೂವತ್ತೈದರೊಳಗೇ ತಿಂದುಹಾಕಿತ್ತು.

ಇದನ್ನು ಬೀದಿಯವರು ಹೊರಗೆ ಎಲ್ಲೂ ಆಡುತ್ತಿರಲಿಲ್ಲ. ಕಿವುಡ ಮೆಕ್ಯಾನಿಕ್ಕಿನ ಕೈಗೆ ಯಾವ ರೈತ ಇಂಜಿನ್ ಕೊಡುತ್ತಾನೆ? ಜಗಳವಾಡಿದಾಗಲೂ, ಅದೆಷ್ಟೇ ಕೆಟ್ಟ ಮಾತು ಬಂದರೂ, 'ಕಿವುಡ' ಎಂಬ ಒಂದು ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅವರ ಹತ್ತಿರ ಮಾತಾಡುವವರು ಸುತ್ತು ಹಾಕಿ ಬಂದು ಎದುರಿಗೆ ನಿಂತೇ ಮಾತಾಡುತ್ತಿದ್ದರು. ಇಪ್ಪತ್ತು ವರ್ಷ ಅದೇ ಬೀದಿಯಲ್ಲಿ ಬೆಳೆದ ನಾನು ಹಾಗೆ ಎದುರಿಗೆ ನಿಲ್ಲುವುದನ್ನು ಹಿರಿಯರಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ. ಓದಿನಲ್ಲಿ ಮುಂದಿದ್ದೆ, ಡಿಪ್ಲೊಮಾದಲ್ಲಿ ಫಸ್ಟ್ ಕ್ಲಾಸು. ಅಷ್ಟು ಹೇಳಿದರೆ ನನ್ನ ಬುದ್ಧಿ ಎಲ್ಲಿ ಖರ್ಚಾಯಿತೆಂದು ತಿಳಿಯುತ್ತದೆ.

ಎಂಬತ್ತರ ದಶಕದ ಶುರುವಿನಲ್ಲಿ ಇಲಾಖೆಯಲ್ಲಿ ಸೂಪರ್‌ವೈಜರ್ ಆಗಿ ಕಲ್ಯಾಣದುರ್ಗಕ್ಕೆ ಬಂದೆ. ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ ಹೋದರೆ ನಮ್ಮ ಜಲಾಶಯ. ಅಣೆಕಟ್ಟು ಕಟ್ಟುವಾಗ ತಂದಿದ್ದ ಕಬ್ಬಿಣದ ದೋಣಿಯೊಂದು ಅಲ್ಲಿತ್ತು. ದೋಣಿಯ ಹೊಟ್ಟೆಯಲ್ಲಿ ಒಂದೇ ಸಿಲಿಂಡರಿನ ಭಾರೀ ಡೀಸೆಲ್ ಇಂಜಿನ್. ನೀರಿನ ಮಟ್ಟ ಅಳೆಯುವುದು ಆ ದೋಣಿಯ ಸರ್ಕಾರಿ ಕೆಲಸ. ಅದಕ್ಕಿಂತ ದೊಡ್ಡ ಕೆಲಸ ಗುರುವಾರದ್ದು. ಆಚೆ ದಡದಲ್ಲಿ ಕುರಿ ಸಾಕುವವರ ಒಂದು ಹಟ್ಟಿ ಇತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಏರಿ ಹಟ್ಟಿಯ ದಾರಿ ಮುಚ್ಚಿಹೋಗುತ್ತಿತ್ತು. ಬಸುರಿಯರನ್ನು, ಕೂಸುಗಳನ್ನು ನೋಡಲು ನರ್ಸಮ್ಮ ಗುರುವಾರ ಗುರುವಾರ ಔಷಧಿಯ ಪೆಟ್ಟಿಗೆ ಹೊತ್ತು ಆ ದೋಣಿಯಲ್ಲಿ ದಾಟುತ್ತಿದ್ದರು. ಆ ಬೇಸಿಗೆಯಲ್ಲಿ ಇಂಜಿನ್ ಕರ್ರಗೆ ಹೊಗೆ ಬಿಡುತ್ತಾ, ಒಳಗಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದಂತೆ ಸದ್ದು ಮಾಡತೊಡಗಿತು. ಮೇಲಿಂದ ಕಾಗದ ಬಂತು: ಹಳೆಯ ಇಂಜಿನ್ ರಿಪೇರಿ ಮಾಡಿಸುವುದೋ, ಅದನ್ನು ಬಿಟ್ಟು ದೋಣಿಯ ಹಿಂಬದಿಗೆ ಹೊಸ ಔಟ್‌ಬೋರ್ಡ್ ಇಂಜಿನ್ ತಗುಲಿಸುವುದೋ, ಪರಿಶೀಲಿಸಿ ಅಭಿಪ್ರಾಯ ಕಳಿಸಿ. ಅಭಿಪ್ರಾಯ ಬರೆಯಬೇಕಾದವನು ನಾನು.

ಅಪ್ಪನಿಗೆ ಹೇಳಿದೆ. ಅಪ್ಪ ಹಿಂದೆಮುಂದೆ ನೋಡದೆ, "ಮೇಸ್ತ್ರಿನ ಕರ್ಕಂಡೋಗು. ನೀರ ಮ್ಯಾಲಿದ್ರೂ ಇಂಜಿನ್ ಇಂಜಿನ್ನೇ ಅಲ್ವೇನ್ಲಾ" ಎಂದರು. ಮೇಸ್ತ್ರಿ ಚೀಲದಲ್ಲಿ ಸ್ಪ್ಯಾನರುಗಳನ್ನೂ ಬುತ್ತಿಯನ್ನೂ ಒಟ್ಟಿಗೇ ತುಂಬಿಕೊಂಡು ಬಸ್ಸು ಹತ್ತಿ ಬಂದರು. ದಡದಲ್ಲಿ ಕಟ್ಟಿದ್ದ ದೋಣಿಯೊಳಗೆ ಇಳಿದು, ಹ್ಯಾಂಡಲ್ ಹೊಡೆಸಿ, ಆ ಕೆಮ್ಮುವ ಇಂಜಿನ್ನಿಗೆ ಸ್ಕ್ರೂಡ್ರೈವರ್ ಇಟ್ಟು ಹಿಡಿ ಕಚ್ಚಿ ನಿಂತರು. ಈ ಸಲ ಹತ್ತು ನಿಮಿಷ ನಿಂತರು. ದೋಣಿ ನಡೆಸುವವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ಬೇರಿಂಗ್ ಹೋಗೈತೆ, ಜಾಯಿಂಟಲ್ಲಿ ನೀರು ಎಣ್ಣೆಗೆ ಸೇರ್ತಾ ಐತೆ. ಮೈ ಗಟ್ಟಿ ಐತೆ ಕಣಪ್ಪ. ಎಂಟು ದಿನ ಕೊಡು, ಇನ್ನ ಹತ್ತು ವರ್ಷ ಓಡ್ತದೆ" ಎಂದರು.

ಕಲ್ಯಾಣದುರ್ಗದ ಕಚೇರಿಗೆ ವಾಪಸು ಬಂದೆವು. ಮೇಸ್ತ್ರಿ ವರಾಂಡದ ಬೆಂಚಿನ ಮೇಲೆ ಕೂತರು. ನಾನು ಒಳಗೆ ನನ್ನ ಮೇಲಧಿಕಾರಿ ಸಾಹೇಬರ ಮೇಜಿನ ಮುಂದೆ ನಿಂತೆ. ನಡುವೆ ತೆರೆದ ಕಿಟಕಿ. ಸಾಹೇಬರು ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ರಿಪೇರಿ ಮಾಡಿಸಿದ ಮೇಲೆ ನಡುನೀರಿನಲ್ಲಿ ನಿಂತುಹೋದರೆ ಯಾರು ಹೊಣೆ?

ಹೊಸ ಇಂಜಿನ್ ಕೆಟ್ಟರೆ ಕಂಪನಿಯವರು ಹೊಣೆ, ಹಳೆಯದು ಕೆಟ್ಟರೆ ನಾನು ಹೊಣೆ. ಇಷ್ಟು ಸರಳ ಲೆಕ್ಕ ನನ್ನ ಡಿಪ್ಲೊಮಾದಲ್ಲೂ ಬಂದಿರಲಿಲ್ಲ. ಅದರ ಜೊತೆಗೆ ಔಟ್‌ಬೋರ್ಡಿನ ಬಣ್ಣದ ಕ್ಯಾಟಲಾಗು ಒಂದು ವಾರದಿಂದ ನನ್ನ ದಿಂಬಿನ ಕೆಳಗಿತ್ತು. ಅದರಲ್ಲಿ ಕಪ್ಪು ಕನ್ನಡಕ ಹಾಕಿದ ಒಬ್ಬ ಮನುಷ್ಯ ಒಂದೇ ಕೈಯಲ್ಲಿ ದೋಣಿ ಓಡಿಸುತ್ತಿದ್ದ. ಆ ಕನ್ನಡಕದವನ ಜಾಗದಲ್ಲಿ ನನ್ನನ್ನು ಕೂರಿಸಿ ಕೂರಿಸಿ ನೋಡಿದ್ದೆ. ಆದರೂ ನಾನು ಬರೀ 'ಹೊಸದೇ ವಾಸಿ ಸಾರ್' ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟಕ್ಕೆ ನಿಲ್ಲಲಿಲ್ಲ. ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿ, "ವಾಡಿಕಿ ಚೆವುಡು ಸಾರ್. ಪಂಡ್ಲತೋ ವಿಂಟಾಡು" ಎಂದೆ. ಅವನು ಕಿವುಡ ಸಾರ್, ಹಲ್ಲಿನಲ್ಲಿ ಕೇಳುತ್ತಾನೆ. ಸಾಹೇಬರು ಬಿದ್ದೂ ಬಿದ್ದೂ ನಕ್ಕರು. ನಾನೂ ನಕ್ಕೆ. ಕಿಟಕಿಯ ಆಚೆ ಮೇಸ್ತ್ರಿ ನನ್ನ ಕಡೆಗೇ ನೋಡುತ್ತಾ ಕೂತಿದ್ದರು. ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯ ನನಗೆ.

ಹೊರಗೆ ಬಂದು, "ಹೊಸದು ತರಿಸ್ತಾರಂತೆ ಮೇಸ್ತ್ರಿ, ಮೇಲಿನವರ ತೀರ್ಮಾನ" ಎಂದೆ. ಅವರು ಚೀಲ ಹೆಗಲಿಗೇರಿಸಿ, "ಆಗ್ಲಿ ಬಿಡಪ್ಪ. ಬಸ್ ಐತೆ, ಬತ್ತೀನಿ" ಎಂದು ಹೊರಟರು.

ಒಂದು ತಿಂಗಳಿಗೆ ಮದ್ರಾಸಿನಿಂದ ಮರದ ಪೆಟ್ಟಿಗೆಯಲ್ಲಿ ಔಟ್‌ಬೋರ್ಡ್ ಬಂತು. ಜೊತೆಗೊಂದು ಇಂಗ್ಲಿಷ್ ಪುಸ್ತಕ. ನಾನು ಆ ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿ, ಲೇಬಲ್ ಅಂಟಿಸಿ, ಮುತ್ತಿನಂಥ ಅಕ್ಷರದಲ್ಲಿ ಹೆಸರು ಬರೆದು ಬೀರುವಿನಲ್ಲಿ ಇಟ್ಟೆ. ತೆರೆದು ನೋಡಲಿಲ್ಲ. ಹೊಸ ಯಂತ್ರ ಬಂದ ಮೇಲೆ ಪೂಜೆಯಾಗಬೇಕಲ್ಲ. ಜಲಾಶಯಕ್ಕೆ ಹೊತ್ತೊಯ್ಯುವ ಮೊದಲು ಕಚೇರಿಯ ಅಂಗಳದಲ್ಲೇ ಆಗಲಿ ಎಂದರು ಸಾಹೇಬರು. ಅಂಗಳದಲ್ಲಿ ಎರಡು ಕಲ್ಲುಚಪ್ಪಡಿ ನಿಲ್ಲಿಸಿ, ಅಡ್ಡ ಹಲಗೆ ಕಟ್ಟಿ, ಅದಕ್ಕೆ ಔಟ್‌ಬೋರ್ಡನ್ನು ತಗುಲಿಸಿದೆವು. ಅರ್ಚಕರಿಗೆ ಒಂದು ಸಂಕಟ ಬಂತು. ಲಾರಿಗಾದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಇದಕ್ಕೆ ಎಲ್ಲಿಡುವುದು? ಇಂಜಿನ್ ತರಿಸಿದವನು ನಾನೇ ಎಂದು ನನ್ನನ್ನು ಕೇಳಿದರು. ಪ್ರೊಪೆಲರ್ ರೆಕ್ಕೆಗಳ ಸಂದಿಯಲ್ಲಿ ಇಡಿ ಎಂದೆ. ಸೇವಂತಿಗೆ ಹಾರವನ್ನೂ ಅಲ್ಲಿಗೇ ಸುತ್ತಿದರು.

ಸಾಹೇಬರು ಹಗ್ಗ ಎಳೆದರು. ಮೂರನೇ ಎಳೆತಕ್ಕೆ ಶುರುವಾಯಿತು. ಗೇರು ಹಾಕಿದೊಡನೆ ಹಾರ ಚಿಂದಿಯಾಗಿ, ನಿಂಬೆಹೋಳು ನೇರವಾಗಿ ಸಾಹೇಬರ ಬಿಳಿ ಷರ್ಟಿಗೆ ಹೊಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಕಡೆ ಹೊಸ ಪಂಪ್‌ಸೆಟ್ ತಂದರೆ ಮನೆ ಮುಂದೆ ಇಟ್ಟು ಸ್ವಲ್ಪ ಹೊತ್ತು ಓಡಿಸಿ, ನೆಂಟರಿಷ್ಟರಿಗೆ ಸದ್ದು ಕೇಳಿಸಿ, ಆಮೇಲೆ ಬಾವಿಗೆ ಒಯ್ಯುವುದು ಪದ್ಧತಿ. ನಾನೂ ಅದೇ ಠೀವಿಯಲ್ಲಿ, "ಒಂದೈದು ನಿಮಿಷ ಓಡಲಿ ಸಾರ್, ಹದ ಆಗ್ಲಿ" ಎಂದೆ.

ಆ ಇಂಜಿನ್ ತಾನು ಓಡುವ ನೀರನ್ನೇ ಹೀರಿ ತನ್ನ ಮೈ ತಣ್ಣಗೆ ಮಾಡಿಕೊಳ್ಳುವಂಥದ್ದು. ನೀರಿನಲ್ಲಿ ಮುಳುಗಿಸದೆ ಓಡಿಸಲೇಬಾರದೆಂದು ಪುಸ್ತಕದ ಮೊದಲನೇ ಪುಟದಲ್ಲೇ ಕೆಂಪಕ್ಷರದಲ್ಲಿ ಬರೆದಿತ್ತಂತೆ. ನಾವು ಕಲ್ಯಾಣದುರ್ಗದ ಬಿಸಿಲಿನಲ್ಲಿ, ಸುತ್ತಲೂ ಒಂದು ಚೊಂಬು ನೀರಿಲ್ಲದ ಅಂಗಳದಲ್ಲಿ, ಐದು ನಿಮಿಷ ಪೂರ್ತಿ ಓಡಿಸಿದೆವು. ಮೊದಲು ರಬ್ಬರ್ ಸುಟ್ಟ ವಾಸನೆ ಬಂತು. ಅರ್ಚಕರು ಕರ್ಪೂರ ಇರಬೇಕೆಂದರು. ಆಮೇಲೆ ಕಿರ್ರೆಂದು ಕಿರುಚಿ, ನಿಂತು, ಮತ್ತೆ ಯಾರೆಷ್ಟು ಎಳೆದರೂ ಹಗ್ಗ ಅಲ್ಲಾಡಲಿಲ್ಲ. ಒಂದು ಹನಿ ನೀರು ನೋಡದೆ ಆ ಔಟ್‌ಬೋರ್ಡ್ ನನ್ನ ಕೈಯಲ್ಲಿ ಪ್ರಾಣ ಬಿಟ್ಟಿತು. ಕಂಪನಿಗೆ ಬರೆದರೆ, ನೀರಿಲ್ಲದೆ ಓಡಿಸಿದ್ದಕ್ಕೆ ಗ್ಯಾರಂಟಿ ಅನ್ವಯಿಸುವುದಿಲ್ಲ, ಬಿಡಿಭಾಗ ಬರಲು ಐದಾರು ತಿಂಗಳು ಬೇಕು ಎಂದು ವಿನಯದಿಂದ ಉತ್ತರಿಸಿದರು.

ಅಷ್ಟರಲ್ಲಿ ಮೇಲಿನ ಸೀಮೆಯಲ್ಲಿ ಮಳೆ ಹಿಡಿಯಿತು. ಜಲಾಶಯದ ನೀರು ದಿನಕ್ಕಿಷ್ಟು ಏರತೊಡಗಿತು. ನರ್ಸಮ್ಮ ಕಚೇರಿಗೆ ಬಂದು, ಆಚೆ ಹಟ್ಟಿಯಲ್ಲಿ ತಿಂಗಳು ತುಂಬಿದ ಇಬ್ಬರು ಹೆಂಗಸರಿದ್ದಾರೆ, ಇನ್ನು ಹದಿನೈದು ದಿನಕ್ಕೆ ದಾರಿ ಮುಳುಗುತ್ತದೆ, ಏನು ಮಾಡ್ತೀರಿ ಸಾರ್ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಹೋದರು. ಸಾಹೇಬರು ನನ್ನನ್ನು ಕರೆದು, "ಪಂಡ್ಲತೋ ವಿನೇ ಆಯನ ಎಕ್ಕಡುಂಟಾಡು?" ಎಂದರು. ಹಲ್ಲಿನಲ್ಲಿ ಕೇಳುವ ಆತ ಎಲ್ಲಿರುತ್ತಾರೆ? ಈ ಸಲ ಅವರು ನಗಲಿಲ್ಲ.

ಹಿಂದೂಪುರದ ಬಸ್ಸು ಹತ್ತಿದೆ. ಮೇಸ್ತ್ರಿಯ ಶೆಡ್ಡಿನಲ್ಲಿ ಒಂದೇ ಒಂದು ಇಂಜಿನ್ ಇತ್ತು, ಅದು ಕಿವಿ ಗಡಚಿಕ್ಕುವ ಹಾಗೆ ಓಡುತ್ತಿತ್ತು. ಮೇಸ್ತ್ರಿ ನನ್ನನ್ನು ನೋಡಿ ಕೂತಿರೆಂದು ಕೈಸನ್ನೆ ಮಾಡಿದರು. ಇಂಜಿನ್ ನಿಲ್ಲಿಸಿದ ಮೇಲೆ ಹೇಳಬೇಕಾದ ಮಾತನ್ನು ನಾನು ಆ ಗದ್ದಲದಲ್ಲೇ ಒಂದು ಸಲ ಬಾಯಿಪಾಠ ಮಾಡಿಕೊಂಡೆ. "ತಪ್ಪಾಯ್ತು ಮೇಸ್ತ್ರಿ. ಹೊಸದನ್ನ ನೀರಿಲ್ದೆ ಐದು ನಿಮಿಷ ಓಡ್ಸಿ ನಾನೇ ಸುಟ್ಟುಹಾಕ್ದೆ. ನೀವು ಬರದಿದ್ರೆ ನನ್ನ ಕೆಲಸ ಹೋಗ್ತದೆ..." ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

"ಕೆಲಸ ಎಲ್ಲೋಯ್ತದೆ ಬಿಡಪ್ಪ, ಸರ್ಕಾರದ್ದು" ಎಂದರು ಮೇಸ್ತ್ರಿ, ಇಂಜಿನ್ ಓಡುತ್ತಿದ್ದ ಹಾಗೇ. "ಆದ್ರೂ ನೀರಿಲ್ದೆ ಐದು ನಿಮಿಷ ಓಡ್ಸಿದ್ರಾ? ಪಾಪ ಅದು!"

ಅವರು ಇಂಜಿನ್ ನಿಲ್ಲಿಸಿ ಕೈ ಒರೆಸಿಕೊಂಡರು.

"ಪವರ್‌ಲೂಮ್ ಶೆಡ್ಡಲ್ಲಿ ಯಾರ ಕಿವೀಗೂ ಏನೂ ಕೇಳಲ್ಲ ಕಣಪ್ಪ. ಅಲ್ಲಿ ಬೆಳೆದೋರೆಲ್ಲ ತುಟಿ ನೋಡೇ ಮಾತು ತಿಳ್ಕಳೋದು. ಕನ್ನಡ ಆದ್ರೇನು, ತೆಲುಗು ಆದ್ರೇನು. ನೀನು ನಮ್ಮ ಬೀದಿಯೋನೇ ಆಗಿ ಇದು ಗೊತ್ತಿಲ್ವಾ?"

ಕಲ್ಯಾಣದುರ್ಗದ ಕಚೇರಿ, ತೆರೆದ ಕಿಟಕಿ, ನನ್ನ ಕಡೆಗೇ ನೋಡುತ್ತಿದ್ದ ಅವರ ಕಣ್ಣು ಎಲ್ಲ ಒಟ್ಟಿಗೆ ನೆನಪಾದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಮೇಸ್ತ್ರಿ ಆ ದಿನದ ಮಾತು ಎತ್ತಲಿಲ್ಲ. ಖಾಲಿ ಶೆಡ್ಡಿನ ಕಡೆ ಕೈ ತೋರಿಸಿ, "ಕಲ್ಯಾಣದುರ್ಗ, ಕಂಬದೂರು ಕಡೆಯಿಂದ ಎರಡು ತಿಂಗಳಾಯ್ತು, ಒಂದು ಇಂಜಿನ್ನೂ ಬಂದಿಲ್ಲ" ಎಂದರು. ದೂರಿನ ದನಿ ಇರಲಿಲ್ಲ. ಸಾಹೇಬರ ನಗು ಕಚೇರಿಯ ಗೋಡೆ ದಾಟಿ ಊರೂರು ತಿರುಗಿತ್ತು, ಅಷ್ಟೇ. ಇಡೀ ಬೀದಿ ಇಷ್ಟು ವರ್ಷ ಕಾಪಾಡಿದ ಮಾತನ್ನು ನಾನು ಒಂದು ಕ್ಯಾಟಲಾಗಿನ ಆಸೆಗೆ ಬಿಚ್ಚಿಟ್ಟಿದ್ದೆ. ಆ ಮನುಷ್ಯನ ಅನ್ನಕ್ಕೆ ನಾನೇ ಮಣ್ಣು ಹಾಕಿದ್ದೆ. ಅಳು ಬಂತು. ಅತ್ತೆನೆಂದು ಬರೆಯಲು ಈಗ ನಾಚಿಕೆಯಿಲ್ಲ.

"ಬತ್ತೀನಿ ನಡಿ" ಎಂದರು ಮೇಸ್ತ್ರಿ. "ಒಂದು ಮಾತು. ಇಂಜಿನ್ ಸ್ಟಾರ್ಟ್ ಮಾಡೋದು ಜನ ಸೇರೋ ದಿನವೇ ಆಗ್ಬೇಕು. ರೈತ್ರು ಎಲ್ಲ ಇರ್ಬೇಕು. ಕಿವುಡ ಅಂತ ಗೊತ್ತಾಗೋಗೈತಲ್ಲ, ಕಿವುಡನೇ ಮಾಡ್ದ ಅಂತಾನೂ ಗೊತ್ತಾಗ್ಲಿ."

ಎಂಟು ದಿನ ಜಲಾಶಯದ ದಡದ ಗುಡಿಸಲಲ್ಲಿ ಉಳಿದರು. ಬೇರಿಂಗಿಗೆ ಹೊಸ ಲೋಹ ಹೊಯ್ದು, ಕಾಡಿಗೆ ಹಚ್ಚಿ ತಿರುಗಿಸಿ, ಕಪ್ಪು ಹತ್ತಿದ ಕಡೆ ಹೆರೆದು, ಮತ್ತೆ ಹಚ್ಚಿ ಮತ್ತೆ ಹೆರೆದು, ದಿನವಿಡೀ ಅದೇ ಕೆಲಸ. ನಾನು ಪಕ್ಕದಲ್ಲಿ ಕೂತು ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. ಹತ್ತರಲ್ಲಿ ನಾಲ್ಕು ಸಲ ತಪ್ಪು ಸೈಜು ಕೊಡುತ್ತಿದ್ದೆ. ಅವರು ಅದನ್ನು ವಾಪಸು ಕೊಡುತ್ತಾ, "ಫಸ್ಟ್ ಕ್ಲಾಸಾ?" ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. ರೇಷ್ಮೆ ನೂಲು ಕೂರಿಸುವಾಗ ಮಾತ್ರ ನನ್ನ ಕೈ ಮುಟ್ಟಗೊಡಲಿಲ್ಲ.

ಒಂಬತ್ತನೇ ದಿನ ಗುರುವಾರ. ನರ್ಸಮ್ಮ ಪೆಟ್ಟಿಗೆಯೊಂದಿಗೆ ಬಂದಿದ್ದರು. ಸುತ್ತಲಿನ ಹಳ್ಳಿಗಳ ಜನ, ಅವರಲ್ಲಿ ಅರ್ಧ ಜನ ನಗುವುದಕ್ಕೆಂದೇ ಬಂದವರು, ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಹ್ಯಾಂಡಲ್ ಹೊಡೆದ ಕೂಡಲೇ ಇಂಜಿನ್ ಹೊತ್ತಿಕೊಂಡಿತು. ಮೇಸ್ತ್ರಿ ಎಲ್ಲರ ಮುಂದೆ ಸ್ಕ್ರೂಡ್ರೈವರ್ ಇಟ್ಟು, ಹಿಡಿ ಕಚ್ಚಿ, ಕಣ್ಣು ಮುಚ್ಚಿದರು. ಕಟ್ಟೆಯ ಮೇಲೆ ಒಬ್ಬಿಬ್ಬರು ಕಿಸಕ್ಕೆಂದರು. ಮೇಸ್ತ್ರಿ ಕಣ್ಣು ತೆರೆದು, ದೋಣಿ ನಡೆಸುವವನಿಗೆ ಹೊರಡು ಎಂದು ಸನ್ನೆ ಮಾಡಿ, ತಾವೂ ಅಲ್ಲೇ ಕೂತರು. ಅವರಿಗೂ ಈಜು ಬರುತ್ತಿರಲಿಲ್ಲ.

"ಮೀರು ರಾರಾ ಸಾರ್?" ಎಂದರು ನರ್ಸಮ್ಮ. ನೀವು ಬರುವುದಿಲ್ಲವಾ?

"ನಾನು ಇಲ್ಲಿಂದಲೇ ಸದ್ದಿನ ವೀಕ್ಷಣೆ ಮಾಡ್ತೀನಿ" ಎಂದೆ. ಸದ್ದನ್ನು ವೀಕ್ಷಣೆ ಮಾಡಿದ ಮೊದಲ ಮನುಷ್ಯ ಬಹುಶಃ ನಾನೇ.

ದೋಣಿ ನಡುನೀರು ತಲುಪಿದಾಗ ಸದ್ದು ಥಟ್ಟನೆ ನಿಂತಿತು. ಕಟ್ಟೆಯ ಮೇಲಿದ್ದವರೆಲ್ಲ ದೋಣಿಯನ್ನು ಬಿಟ್ಟು ನನ್ನ ಕಡೆಗೆ ತಿರುಗಿದರು. ಮನಸ್ಸಿನಲ್ಲೇ ರಾಜೀನಾಮೆ ಪತ್ರದ ಎರಡು ಸಾಲು ಬರೆದೂ ಮುಗಿಸಿದೆ. ಅಷ್ಟರಲ್ಲಿ ಮತ್ತೆ ಡುಗುಡುಗು ಶುರುವಾಯಿತು. ನಡುನೀರಲ್ಲಿ ನಿಂತರೂ ಮತ್ತೆ ಹೊತ್ತುತ್ತದೆ ಎಂದು ತೋರಿಸಲು ಮೇಸ್ತ್ರಿಯೇ ನಿಲ್ಲಿಸಿದ್ದಂತೆ. ಆಚೆ ದಡ ಮುಟ್ಟಿ, ನರ್ಸಮ್ಮನನ್ನು ಇಳಿಸಿ, ವಾಪಸು ಬರುವ ಹೊತ್ತಿಗೆ ಕಟ್ಟೆಯ ಮೇಲೆ ನಗುವವರು ಯಾರೂ ಇರಲಿಲ್ಲ. ಒಬ್ಬ ರೈತ ದಡದಲ್ಲೇ ಮೇಸ್ತ್ರಿಯ ಎದುರಿಗೆ ಬಂದು ನಿಂತು, ಬಾಯಿ ಅಗಲ ಮಾಡಿ, "ನಮ್ಮದೂ ಒಂದು ಇಂಜಿನ್ ಐತೆ, ತತ್ತೀನಿ" ಎಂದ. ದೀಪಾವಳಿಯ ಹೊತ್ತಿಗೆ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಟ್ಟಿಯಲ್ಲಿ ಎರಡೂ ಹೆರಿಗೆ ಸುಸೂತ್ರವಾದವು.

ನಾನು ವರದಿ ಬರೆದೆ. 'ಹಳೆಯ ಇಂಜಿನ್ನನ್ನು ಸ್ಥಳೀಯವಾಗಿ, ನನ್ನ ಮೇಲ್ವಿಚಾರಣೆಯಲ್ಲಿ ದುರಸ್ತಿಗೊಳಿಸಲಾಯಿತು.' ಮೇಸ್ತ್ರಿಯ ಹೆಸರು ಬರೆಯಬೇಕಾಗಿತ್ತು. ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಮೇಲಿಂದ ಮೆಚ್ಚುಗೆಯ ಕಾಗದ ನನಗೆ ಬಂತು. ಔಟ್‌ಬೋರ್ಡು ಗೋದಾಮು ಸೇರಿತು. ಪ್ರತಿವರ್ಷ ಆಯುಧಪೂಜೆಗೆ ಅದನ್ನು ಹೊರತೆಗೆದು ಕುಂಕುಮ ಇಟ್ಟು ಮತ್ತೆ ಒಳಗಿಡುತ್ತಾರೆಂದು ಕೇಳಿದ್ದೇನೆ.

ಇಷ್ಟೇ ಆಗಿದ್ದರೆ ನನ್ನ ಪಾಡಿಗೆ ನಾನು ನಾಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ನಮ್ಮಪ್ಪ ಬೀದಿಯಲ್ಲಿ ಎಲ್ಲರಿಗೂ ಒಂದು ಕತೆ ಹೇಳಿಕೊಂಡು ತಿರುಗುತ್ತಿದ್ದರು: ಮೇಲಿನವರೆಲ್ಲ ಹೊಸ ಇಂಜಿನ್ನೇ ಬೇಕೆಂದರೂ ನನ್ನ ಮಗ ಒಪ್ಪಲಿಲ್ಲ, ನಮ್ಮ ಮೇಸ್ತ್ರಿಯೇ ಆಗಬೇಕೆಂದು ಹಠ ಹಿಡಿದ. ನನಗೆ ಅದು ಎಲ್ಲ ಮುಗಿದ ಮೇಲೆ ಅಪ್ಪ ಕಟ್ಟಿಕೊಂಡ ಕತೆಯೆಂದೇ ತೋರಿತ್ತು. ತಿದ್ದಲಿಲ್ಲ. ಮೆಚ್ಚುಗೆಯ ಕಾಗದವನ್ನೇ ತಿದ್ದದವನು ಇದನ್ನು ತಿದ್ದುತ್ತೇನೆಯೇ? ಅಪ್ಪ ನಾಲ್ಕು ವರ್ಷದ ಹಿಂದೆ ಅದೇ ಹೆಮ್ಮೆಯಲ್ಲಿ ಕಣ್ಣು ಮುಚ್ಚಿದರು.

ಉತ್ತರಕ್ರಿಯೆಗೆ ಹೋದೆ. ಜನ ಕರಗಿದ ಮೇಲೆ ಮೇಸ್ತ್ರಿಯ ಹೆಂಡತಿಯ ಹತ್ತಿರ ಹೋಗಿ ಕೂತೆ. ಆಕೆ ಪಕ್ಕದವರಿಗೆ, "ಇವನೇ ಕಣಮ್ಮ, ನಮ್ಮೋರೇ ಆಗ್ಬೇಕು ಅಂತ ಹಠ ಹಿಡಿದ್ನಲ್ಲ" ಎಂದು ನನ್ನನ್ನು ತೋರಿಸಿದರು. ಇನ್ನು ತಡೆಯಲು ಆಗಲಿಲ್ಲ. ಪಕ್ಕದವರು ಎದ್ದು ಹೋದ ಮೇಲೆ, "ಅದು ಸುಳ್ಳು ಅತ್ತೆ. ನಾನು ಹಠ ಹಿಡಿಯಲಿಲ್ಲ. ಅವರು ಕಿವುಡರು ಅಂತ ಊರಿಗೆಲ್ಲ ಗೊತ್ತು ಮಾಡಿದೋನು ನಾನೇ" ಎಂದೆ.

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನಂಗೊತ್ತಿಲ್ವೇನಪ್ಪ? ಅವತ್ತು ಕಲ್ಯಾಣದುರ್ಗದಿಂದ ಬಂದೋರು ಊಟಕ್ಕೇ ಕೂತ್ಕಳ್ಳಲಿಲ್ಲ. ಬೆಳಿಗ್ಗೆ ಎದ್ದೋರೇ ನಿಮ್ಮನೆಗೆ ಹೋಗಿ, ನಿನ್ನ ಮಗ ನಂಗೇ ಕೆಲಸ ಕೊಡ್ಬೇಕು ಅಂತ ಹಠ ಹಿಡಿದವ್ನೆ ಅಂತ ನಿಮ್ಮಪ್ಪಂಗೆ ಹೇಳ್ಬುಟ್ಟು ಬಂದ್ರು."

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಆಗಿನ್ನೂ ಔಟ್‌ಬೋರ್ಡು ಬಂದೇ ಇರಲಿಲ್ಲ. ಸುಟ್ಟುಹೋಗಿರಲೂ ಇಲ್ಲ.

"ಯಾಕೆ ಇಂಥ ಸುಳ್ಳು ಹೇಳಿದ್ರಿ ಅಂತ ಕೇಳ್ದೆ. ಸುಳ್ಳಲ್ಲ ಕಣೇ, ಇನ್ನೂ ನಿಜ ಆಗಿಲ್ಲ ಅಷ್ಟೇ, ನಮ್ಮ ಬೀದಿಯೋನು, ಬತ್ತಾನೆ ಅಂದ್ರು. ಅವತ್ತಿಂದ ನೀನು ಬರೋಗಂಟ ಶೆಡ್ಡಿನ ಬಾಗಿಲ ಕಡೆ ಮುಖ ಮಾಡ್ಕಂಡೇ ಕೆಲಸ ಮಾಡ್ತಿದ್ರು. ನೀನು ಬಂದು ಕೂಗಿದ್ರೂ ಅವರಿಗೆ ಕೇಳಿಸಲ್ವಲ್ಲ, ಅದಕ್ಕೆ."